ತಪ್ಪಿಗೆ ಜಾಗವಿಲ್ಲದ ಪ್ರಯೋಗಾಲಯ

ಸಾಹಿತ್ಯದವರು ಕಥೆ, ಕವಿತೆ, ನಾಟಕಗಳನ್ನು ವಿಮರ್ಶೆ ಮಾಡುತ್ತಾರೆ. ಶಾಲೆಯ ಇತಿಹಾಸದ ಪಾಠವೊಂದು ವಿವಾದಕ್ಕೆ ಸಿಕ್ಕಿದರೆ ಅದರ ಬಗ್ಗೆಯೂ ನಾಲ್ಕು ಮಾತು ಬರೆಯುತ್ತಾರೆ. ಆದರೆ ನಮ್ಮ ಮಕ್ಕಳು ಗಂಟೆಗಟ್ಟಲೆ ನಿಂತು ಕಲಿಯುವ ಪ್ರಯೋಗಾಲಯವನ್ನು ಒಂದು ಪಠ್ಯವೆಂದು ಯಾರೂ ಓದುವುದಿಲ್ಲ. ಅದು ಇಂಜಿನಿಯರುಗಳ ಉಸಾಬರಿ ಎಂದು ಬಿಟ್ಟುಬಿಡುತ್ತೇವೆ. ಹಾಗೆ ಬಿಡುವುದು ಸರಿಯಲ್ಲ ಎಂಬುದು ನಮ್ಮ ಅನಿಸಿಕೆ. ಒಂದು ಸಮಾಜ ತನ್ನ ಮಕ್ಕಳಿಗೆ ಯಾವುದನ್ನು ಮುಟ್ಟಲು ಕೊಡುತ್ತದೆ, ಯಾವುದನ್ನು ದೂರದಿಂದ ನೋಡಿ ಬರೆದುಕೊಳ್ಳಲು ಹೇಳುತ್ತದೆ ಎಂಬುದು ಸಂಸ್ಕೃತಿಯ ಪ್ರಶ್ನೆಯೇ.

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮಟ್ಟಿಗೆ ಈ ಪ್ರಶ್ನೆ ಸಣ್ಣದಲ್ಲ. 2001ರಲ್ಲಿ ಬಂಟ್ವಾಳ ತಾಲೂಕಿನ ಬೆಂಜನಪದವಿನಲ್ಲಿ ಕೆನರಾ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 2007ರಲ್ಲಿ ಉಜಿರೆಯಲ್ಲಿ ಎಸ್‌ಡಿಎಂ, ಅದೇ ವರ್ಷ ಬಡಗಮಿಜಾರಿನಲ್ಲಿ ಮೈಟ್, 2008ರಲ್ಲಿ ಮಿಜಾರಿನಲ್ಲಿ ಆಳ್ವಾಸ್, ಅದೇ ಸುಮಾರಿಗೆ ತೋಡಾರಿನಲ್ಲಿ ಯೆನೆಪೋಯ ಬಂದವು. ಗೇರು ಮರ, ಮುಳಿಹುಲ್ಲು ಬಿಟ್ಟರೆ ಬೇರೇನೂ ಇಲ್ಲದಿದ್ದ ಪದವುಗಳಲ್ಲಿ ಹತ್ತೇ ವರ್ಷಗಳಲ್ಲಿ ಇಷ್ಟೊಂದು ಕಾಲೇಜುಗಳು! ಇವೆಲ್ಲವೂ ಆರಂಭವಾದದ್ದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದೊಂದಿಗೇ. 1998ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯ ಒಂದು ಪ್ರಯೋಗವನ್ನು ಪಟ್ಟಿಗೆ ಸೇರಿಸಿದರೆ ಅದರ ಪಠ್ಯಕ್ರಮದಂತೆ ನಡೆಯುವ ಕಾಲೇಜುಗಳಲ್ಲೆಲ್ಲ ಅದೇ ಪ್ರಯೋಗ ನಡೆಯುತ್ತದೆ. ಹಾಗಾಗಿ ಮುಂದೆ ಹೇಳುವ ಮಾತು ಇಲ್ಲಿ ಹೆಸರಿಸಿದ ಯಾವ ಕಾಲೇಜಿನ ಮೇಲಿನ ದೂರೂ ಅಲ್ಲ. ರಾಜ್ಯದಾದ್ಯಂತ ಬೇರುಬಿಟ್ಟ ಒಂದು ಕಲಿಸುವ ಕ್ರಮದ ಕುರಿತು ನಮ್ಮ ತಕರಾರು.

ಈ ಕಾಲೇಜುಗಳಿಗೆ ಬರುವ ಮಕ್ಕಳಲ್ಲಿ ಅನೇಕರು ತಮ್ಮ ಮನೆಯಿಂದ ಕಾಲೇಜಿನ ಮೆಟ್ಟಲು ಹತ್ತಿದ ಮೊದಲಿಗರು. ತಂದೆ ದಮ್ಮಾಮಿನಲ್ಲೋ ಶಾರ್ಜಾದಲ್ಲೋ ದುಡಿಯುತ್ತಾರೆ. ತಾಯಿ ಜಗಲಿಯಲ್ಲಿ ಕೂತು ಬೀಡಿ ಸುತ್ತುತ್ತಾರೆ, ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಆ ದುಡ್ಡಿನಿಂದ ಫೀಸು ಕಟ್ಟಿದ ಹುಡುಗಿ ಇಲೆಕ್ಟ್ರಾನಿಕ್ಸ್ ವಿಭಾಗ ಸೇರಿ, ನಾಲ್ಕು ವರ್ಷ ಓದಿ, ಕೈಯಲ್ಲಿ ಏನನ್ನು ಹಿಡಿದುಕೊಂಡು ಹೊರಬರುತ್ತಾಳೆ? ಇದನ್ನು ಕೇಳುವ ಹಕ್ಕು ನಮ್ಮೆಲ್ಲರಿಗೂ ಇದೆ. ಇಲ್ಲಿ ನಾವು ಎತ್ತಿಕೊಂಡಿರುವುದು ಆ ವಿಭಾಗದ ಒಂದು ಮೂಲೆಯನ್ನು ಮಾತ್ರ. ರೇಡಿಯೋ, ಮೊಬೈಲು, ವೈಫೈಗಳ ಹಿಂದಿರುವ ನಿಸ್ತಂತು ಸರ್ಕೀಟುಗಳನ್ನು ಕಲಿಸುವ ಪ್ರಯೋಗಾಲಯ ಅದು.

ರೆಕಾರ್ಡ್ ಪುಸ್ತಕವೆಂಬ ಸಾಹಿತ್ಯ ಪ್ರಕಾರ

ಯಾವುದೇ ಇಂಜಿನಿಯರಿಂಗ್ ವಿದ್ಯಾರ್ಥಿಯ ಮನೆಯ ಅಟ್ಟದಲ್ಲಿ ರಟ್ಟಿನ ಹೊದಿಕೆಯ ದಪ್ಪ ರೆಕಾರ್ಡ್ ಪುಸ್ತಕಗಳು ಸಿಗುತ್ತವೆ. ಬಿಡಿಸಿ ನೋಡಿದರೆ ಎಲ್ಲದರಲ್ಲೂ ಒಂದೇ ಕಟ್ಟು: ಉದ್ದೇಶ, ಬೇಕಾದ ಉಪಕರಣ, ಸಿದ್ಧಾಂತ, ವಿಧಾನ, ಕೋಷ್ಟಕ, ಗ್ರಾಫು, ಕೊನೆಗೆ ಫಲಿತಾಂಶ. ಕಥೆ ಬರೆಯುವವರಾದ ನಮಗೆ ಇದು ಒಂದು ವಿಚಿತ್ರವಾದ ಕಥನವಾಗಿ ಕಾಣುತ್ತದೆ. ಇಲ್ಲಿ ಕಥೆಯ ಕೊನೆ ಮೊದಲೇ ಗೊತ್ತು. ತರಂಗದ ಚಿತ್ರ ಹೇಗೆ ಬರಬೇಕೆಂಬುದು ಕೈಪಿಡಿಯಲ್ಲೇ ಅಚ್ಚಾಗಿರುತ್ತದೆ. ವಿದ್ಯಾರ್ಥಿಯ ಕೆಲಸವೆಂದರೆ ಆ ಕೊನೆಗೆ ಸರಿಯಾಗಿ ಬಂದು ಸೇರುವುದು. ಸೇರದಿದ್ದರೆ? ಅಂಕಿಗಳನ್ನು ಸ್ವಲ್ಪ ಆಚೀಚೆ ಮಾಡಿ ಸೇರಿಸುವುದು. ಹಿಂದಿನ ವರ್ಷದವರ ರೆಕಾರ್ಡು ಇರುವುದೇ ಅದಕ್ಕೆ.

ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ಜನ ಹೇಳುತ್ತಾರೆ. ಒಂದು ತರಗತಿಯ ಅರವತ್ತು ರೆಕಾರ್ಡುಗಳನ್ನು ಸಾಲಾಗಿಟ್ಟರೆ ಅಲ್ಲಿ ಅಕ್ಷರ ಬೇರೆಯೇ ಹೊರತು ಅಂಕಿ ಬೇರೆಯಿಲ್ಲ. ಅರವತ್ತು ಜನ ಬೇರೆ ಬೇರೆ ಟ್ರಾನ್ಸಿಸ್ಟರು, ಬೇರೆ ಬೇರೆ ಸುರುಳಿ, ಬೇರೆ ಬೇರೆ ಉದ್ದದ ತಂತಿ ಹಿಡಿದು ಮಾಡಿದ ಕೆಲಸಕ್ಕೆ ಒಂದೇ ಉತ್ತರ ಬರುವುದು ಸಾಧ್ಯವೇ ಇಲ್ಲ. ಬಂದಿದೆ ಎಂದಾದರೆ ಒಂದೋ ಯಾರೂ ಅಳೆದಿಲ್ಲ, ಇಲ್ಲವೇ ಅಳೆದದ್ದನ್ನು ಬರೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಇದನ್ನು ಮಕ್ಕಳ ಕಳ್ಳತನವೆಂದು ಬಯ್ದು ಮುಗಿಸುವವರಿದ್ದಾರೆ. ನಾವು ಹಾಗೆ ನೋಡುವುದಿಲ್ಲ. ಬಂದ ಅಂಕಿಗೆ ಅಂಕವಿಲ್ಲ, ಬರಬೇಕಾದ ಅಂಕಿಗೆ ಮಾತ್ರ ಅಂಕ ಎಂದು ಹೇಳಿಕೊಟ್ಟವರು ಹಿರಿಯರು. ಮಕ್ಕಳು ಕಲಿತದ್ದು ಅದನ್ನೇ.

ತಂತಿ ತಂತಿಯಾಗಿ ಉಳಿಯದ ಲೋಕ

ಈ ಕಾಯಿಲೆ ಎಲ್ಲ ಪ್ರಯೋಗಾಲಯಗಳಲ್ಲೂ ಇದೆ, ನಿಸ್ತಂತು ವಿಭಾಗವನ್ನೇ ಏಕೆ ಹಿಡಿದುಕೊಂಡಿರಿ ಎಂದು ಓದುಗರು ಕೇಳಬಹುದು. ಕಾರಣವಿದೆ. ಬೇರೆ ಕಡೆ ತಪ್ಪು ಎಂಬುದು ಕಲಿಕೆಯ ದಾರಿಯಲ್ಲಿ ಬರುವ ಕಲ್ಲು. ಇಲ್ಲಿ ತಪ್ಪೇ ಪಾಠ.

ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆಮುಂದೆ ಓಡಾಡುತ್ತದೆ. ಅದಕ್ಕೆ ತಂತಿ ಬರೀ ತಂತಿ. ಒಂದು ಸೆಂಟಿಮೀಟರು ಉದ್ದವಿದ್ದರೂ ನಾಲ್ಕು ಸೆಂಟಿಮೀಟರು ಇದ್ದರೂ ಬಲ್ಬು ಉರಿಯುತ್ತದೆ. ಆದರೆ ಎಫ್‌ಎಂ ರೇಡಿಯೋದ ಮಟ್ಟಕ್ಕೆ ಹೋದರೆ ಸೆಕೆಂಡಿಗೆ ಹತ್ತು ಕೋಟಿ ಸಲ, ಅಂದರೆ 100 ಮೆಗಾಹರ್ಟ್ಸ್. ಅಲ್ಲಿ ಅದೇ ಒಂದು ಸೆಂಟಿಮೀಟರು ತಂತಿ ಸುರುಳಿಯಂತೆ ವರ್ತಿಸಿ ಸುಮಾರು ಆರು ಓಮ್‌ಗಳಷ್ಟು ತಡೆಯೊಡ್ಡುತ್ತದೆ. ಪಕ್ಕಪಕ್ಕದಲ್ಲಿರುವ ಎರಡು ಲೋಹದ ಪಟ್ಟಿಗಳು ಯಾರೂ ಹೇಳದೆಯೇ ಕೆಪಾಸಿಟರ್ ಆಗಿಬಿಡುತ್ತವೆ. ಬೆರಳು ಹತ್ತಿರ ತಂದರೆ ಸಾಕು, ಸರ್ಕೀಟಿನ ಆವರ್ತನ ಸರಿಯುತ್ತದೆ. ವೈಫೈಯ 2.4 ಗಿಗಾಹರ್ಟ್ಸ್‌ಗೆ ಏರಿದರೆ ಮೂರು ಸೆಂಟಿಮೀಟರಿನ ತುಂಡು ತಂತಿಯೇ ಆಂಟೆನಾ. ಕಾಗದದ ಮೇಲೆ ಬರೆದ ಚಿತ್ರದಲ್ಲಿ ಇವು ಯಾವುವೂ ಇರುವುದಿಲ್ಲ. ಕಾಗದದ ಚಿತ್ರಕ್ಕೂ ಮೇಜಿನ ಮೇಲಿನ ಸರ್ಕೀಟಿಗೂ ನಡುವೆ ಇರುವ ಈ ಅಂತರವೇ ನಿಸ್ತಂತು ಇಂಜಿನಿಯರಿಂಗ್. ಉಳಿದದ್ದು ಗಣಿತ.

ಈಗ ಟ್ರೈನರ್ ಕಿಟ್ ಎಂಬ ವಸ್ತುವನ್ನು ಓದುಗರು ಕಲ್ಪಿಸಿಕೊಳ್ಳಬೇಕು. ಸೂಟ್‌ಕೇಸಿನ ಆಕಾರದ ಪೆಟ್ಟಿಗೆ. ಮುಚ್ಚಳ ತೆರೆದರೆ ಮೇಲುಗಡೆ ಸರ್ಕೀಟಿನ ಚಿತ್ರ ಅಚ್ಚಾಗಿರುತ್ತದೆ, ಅಲ್ಲಲ್ಲಿ ತಂತಿ ಸಿಕ್ಕಿಸುವ ತೂತುಗಳು. ನಿಜವಾದ ಸರ್ಕೀಟು ಆ ಚಿತ್ರದ ಕೆಳಗೆ, ಕಣ್ಣಿಗೆ ಕಾಣದಂತೆ. ತಯಾರಿಸಿದವರು ತಂತಿಯ ಉದ್ದ, ಪಟ್ಟಿಯ ಅಗಲ, ಕವಚ ಎಲ್ಲವನ್ನೂ ಮೊದಲೇ ಸರಿಪಡಿಸಿ ಇಟ್ಟಿದ್ದಾರೆ. ವಿದ್ಯಾರ್ಥಿ ಎರಡು ತಂತಿ ಸಿಕ್ಕಿಸಿ ಸ್ವಿಚ್ಚು ಹಾಕಿದರೆ ಆಸಿಲೋಸ್ಕೋಪಿನ ಪರದೆಯಲ್ಲಿ ಕೈಪಿಡಿಯ ಚಿತ್ರ ಮೂಡುತ್ತದೆ. ಎಲ್ಲರೂ ಬರೆದುಕೊಳ್ಳುತ್ತಾರೆ. ಏನನ್ನು ಕಲಿಯಬೇಕಿತ್ತೋ ಅದನ್ನೇ ಪೆಟ್ಟಿಗೆಯೊಳಗೆ ಮುಚ್ಚಿಟ್ಟು, ಏನನ್ನು ಪುಸ್ತಕದಲ್ಲೇ ಓದಬಹುದಿತ್ತೋ ಅದನ್ನು ಪರದೆಯ ಮೇಲೆ ತೋರಿಸಿದ ಹಾಗಾಯಿತು. ಈಜು ಕಲಿಯಲು ನೇತ್ರಾವತಿಗೆ ಹೋದವನಿಗೆ ದಡದಲ್ಲಿ ನಿಲ್ಲಿಸಿ ಹೊಳೆಯ ಫೋಟೋ ಕೊಟ್ಟು ಕಳಿಸಿದಂತೆ.

ಪಟ್ಟಿ ಕೆಟ್ಟದ್ದೇನಲ್ಲ

ನ್ಯಾಯವಾಗಿ ಹೇಳಬೇಕಾದ ಮಾತನ್ನೂ ಹೇಳಬೇಕು. ವಿಶ್ವವಿದ್ಯಾಲಯದ ಪ್ರಯೋಗಪಟ್ಟಿಗಳನ್ನು ತಯಾರಿಸಿದವರು ವಿಷಯ ಗೊತ್ತಿಲ್ಲದವರಲ್ಲ. 2010ರ ಪಠ್ಯಕ್ರಮದ ಸುಧಾರಿತ ಸಂವಹನ ಪ್ರಯೋಗಾಲಯದ ಪಟ್ಟಿಯನ್ನೇ ನೋಡಿ. ಮೈಕ್ರೋವೇವ್ ಬೆಂಚಿನ ಮೇಲೆ ತರಂಗದ ಉದ್ದ ಅಳೆಯುವುದು, ಡೈಪೋಲ್, ಯಾಗಿ ಮತ್ತು ಮೈಕ್ರೋಸ್ಟ್ರಿಪ್ ಆಂಟೆನಾಗಳ ದಿಕ್ಕು ಮತ್ತು ಗಳಿಕೆ ಅಳೆಯುವುದು, ತಾಮ್ರದ ಬಳೆಯಂತಹ ಪಟ್ಟಿಯೊಂದರ ಅನುರಣನದಿಂದ ಅದರ ಅಡಿಯ ಹಲಗೆಯ ಗುಣವನ್ನು ಕಂಡುಹಿಡಿಯುವುದು, ಶಕ್ತಿಯನ್ನು ಎರಡು ಪಾಲು ಮಾಡುವ ಸರ್ಕೀಟನ್ನು ಪರೀಕ್ಷಿಸುವುದು. ಇವುಗಳಲ್ಲಿ ಒಂದೊಂದೂ ಒಳ್ಳೆಯ ಕಥೆಯ ವಸ್ತುವಿನಂತಿದೆ.

ಮೈಕ್ರೋವೇವ್ ಬೆಂಚನ್ನೇ ತೆಗೆದುಕೊಳ್ಳೋಣ. ಆಯತಾಕಾರದ ಹಿತ್ತಾಳೆಯ ಕೊಳವೆ, ಒಳಗಿನ ಅಗಲ 22.86 ಮಿಲಿಮೀಟರು, ಎತ್ತರ 10.16 ಮಿಲಿಮೀಟರು. ಅದರೊಳಗೆ 9.5 ಗಿಗಾಹರ್ಟ್ಸ್ ತರಂಗ ಹಾಯಿಸುತ್ತಾರೆ. ಬಯಲಿನಲ್ಲಿ ಆ ತರಂಗದ ಉದ್ದ ಸುಮಾರು 32 ಮಿಲಿಮೀಟರು. ಕೊಳವೆಯೊಳಗೆ ಅಳೆದರೆ ಸುಮಾರು 44! ಇಕ್ಕಟ್ಟಿನ ಜಾಗಕ್ಕೆ ಹೋದ ಮೇಲೆ ತರಂಗ ಉದ್ದವಾಯಿತೇ? ಹೌದು, ಆಯಿತು. ಇದಕ್ಕಿಂತ ದೊಡ್ಡ ಬೆರಗು ಬೇಕೇ? ಆದರೆ ಆ ಬೆರಗಿಗೆ ರೆಕಾರ್ಡಿನಲ್ಲಿ ಕಾಲಂ ಇಲ್ಲ. ಅಂಕಿ ಬರೆ, ಸೂತ್ರಕ್ಕೆ ಹಾಕು, ಸಹಿ ಮಾಡಿಸು. ಏಕೆ ಉದ್ದವಾಯಿತು ಎಂದು ಕೇಳುವ ಹುಡುಗಿಗೆ ಉತ್ತರ ಕೊಡಲು ಮೇಷ್ಟ್ರಿಗೂ ಸಮಯವಿಲ್ಲ. ಒಂದೇ ಬೆಂಚು, ಸುತ್ತ ನಿಂತ ಮಕ್ಕಳ ಗುಂಪು. ಗುಬ್ಬಿ ತಿರುಗಿಸುವವನು ಒಬ್ಬ, ಉಳಿದವರು ಹೆಗಲ ಮೇಲಿಂದ ಇಣುಕುವವರು. ಹೆಣ್ಣುಮಕ್ಕಳು ಸಾಮಾನ್ಯವಾಗಿ ಅಂಕಿ ಬರೆದುಕೊಳ್ಳುವ ಕೆಲಸಕ್ಕೆ. ಗುಬ್ಬಿ ಯಾರ ಕೈಯಲ್ಲಿತ್ತು ಎಂಬುದನ್ನು ಪಠ್ಯಕ್ರಮ ಕೇಳುವುದಿಲ್ಲ. ನಾವಾದರೂ ಕೇಳಬೇಡವೇ?

ಆಮೇಲೆ 2015ರ ಪಠ್ಯಕ್ರಮ ಬಂತು. ಅದರಲ್ಲಿ ಪ್ರಯೋಗಾಲಯದ ಒಂದು ಭಾಗ ಕಂಪ್ಯೂಟರಿಗೆ ಹೋಯಿತು. ಮ್ಯಾಟ್‌ಲ್ಯಾಬ್, ಸೈಲ್ಯಾಬ್, ಲ್ಯಾಬ್‌ವ್ಯೂ ಮುಂತಾದ ತಂತ್ರಾಂಶಗಳಲ್ಲಿ ತರಂಗಗಳನ್ನು ಅನುಕರಿಸಿ ನೋಡುವುದು. 2021ರ ಪಠ್ಯಕ್ರಮದಲ್ಲಿ ಕೆಲವು ಮುಖ್ಯ ವಿಷಯಗಳ ಪ್ರಯೋಗವನ್ನು ಪಾಠದೊಳಗೇ ಸೇರಿಸಲಾಯಿತು. ಆ ಪ್ರಯೋಗಕ್ಕೆ ಪ್ರತ್ಯೇಕ ಅಂತಿಮ ಪರೀಕ್ಷೆಯಿಲ್ಲ, ಅಂಕ ಕಾಲೇಜಿನ ಒಳಗೇ. ಹೊರಗಿನ ಪರೀಕ್ಷಕರ ಹೆದರಿಕೆ ತಪ್ಪಿದ್ದು ಒಂದು ರೀತಿಯಲ್ಲಿ ಒಳ್ಳೆಯದೇ. ಆ ಬಿಡುವನ್ನು ಹೊಸದೇನಾದರೂ ಮಾಡಲು ಬಳಸಬಹುದು, ಇದ್ದುದನ್ನೂ ಕೈಬಿಡಲು ಬಳಸಬಹುದು. ಯಾವುದಕ್ಕೆ ಬಳಸಿದೆವು ಎಂಬುದನ್ನು ಪ್ರತಿ ಕಾಲೇಜು ತನ್ನನ್ನೇ ಕೇಳಿಕೊಳ್ಳಲಿ.

ಕಂಪ್ಯೂಟರಿನ ಮೇಲೆ ನಮಗೆ ಹಗೆಯಿಲ್ಲ. ಇಂದು ಜಗತ್ತಿನಲ್ಲಿ ಯಾವ ನಿಸ್ತಂತು ಸರ್ಕೀಟೂ ತಂತ್ರಾಂಶದಲ್ಲಿ ಮೊದಲು ನೋಡದೆ ಕಾರ್ಖಾನೆಗೆ ಹೋಗುವುದಿಲ್ಲ. ಆದರೆ ಕಾರ್ಖಾನೆಯವರು ಅನುಕರಣೆ ಮಾಡುವುದು ಆಮೇಲೆ ಕಟ್ಟಿ ನೋಡುವುದಕ್ಕಾಗಿ. ನಾವು ಅನುಕರಣೆ ಮಾಡುತ್ತಿರುವುದು ಕಟ್ಟುವ ಕಷ್ಟವನ್ನು ತಪ್ಪಿಸಿಕೊಳ್ಳುವುದಕ್ಕಾಗಿ. ಇವೆರಡೂ ಒಂದೇ ಅಲ್ಲ.

ಒಂದು ಉದಾಹರಣೆ ಸಾಕು. ವೈಫೈ ಆವರ್ತನಕ್ಕೆ ಆಯತಾಕಾರದ ತಾಮ್ರದ ಆಂಟೆನಾ ಬೇಕೆಂದಿಟ್ಟುಕೊಳ್ಳಿ. ಪೇಟೆಯಲ್ಲಿ ಸಿಗುವ ಎಫ್‌ಆರ್-4 ಎಂಬ ಹಸಿರು ಹಲಗೆಯ ಗುಣಾಂಕ 4.4 ಎಂದು ಹಿಡಿದು ಲೆಕ್ಕ ಹಾಕಿದರೆ ಸುಮಾರು 38 ಮಿಲಿಮೀಟರು ಅಗಲ, 29 ಮಿಲಿಮೀಟರು ಉದ್ದದ ಪಟ್ಟಿ ಸಿಗುತ್ತದೆ. ತಂತ್ರಾಂಶದಲ್ಲಿ ಅದು 2.4 ಗಿಗಾಹರ್ಟ್ಸ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕತ್ತರಿಸಿ ಅಂಟಿಸಿ ಅಳೆದರೆ? ಆ ಹಲಗೆಯ ನಿಜವಾದ ಗುಣಾಂಕ 4.2 ಇದ್ದರೆ ಆಂಟೆನಾದ ಆವರ್ತನ 50 ಮೆಗಾಹರ್ಟ್ಸ್‌ಗಿಂತಲೂ ಹೆಚ್ಚು ಮೇಲಕ್ಕೆ ಜಾರುತ್ತದೆ. ಇಂಥ ಆಂಟೆನಾ ಸರಿಯಾಗಿ ಕೆಲಸ ಮಾಡುವ ಕಿಟಕಿಯ ಅಗಲವೇ ಸರಿಸುಮಾರು ಅಷ್ಟು. ಅಂದರೆ ಲೆಕ್ಕ ಪೂರ್ತಿ ಸರಿ, ಆಂಟೆನಾ ನಿರುಪಯೋಗಿ! ಅಲ್ಲಿಂದ ಕಲಿಕೆ ಶುರು. ಹಲಗೆಯನ್ನು ಅನುಮಾನಿಸಬೇಕು, ಬಳೆಯ ಪ್ರಯೋಗಕ್ಕೆ ಮರಳಿ ನಿಜವಾದ ಗುಣಾಂಕ ಕಂಡುಹಿಡಿಯಬೇಕು, ಪಟ್ಟಿಯನ್ನು ಮತ್ತೆ ಕತ್ತರಿಸಬೇಕು. ಪಟ್ಟಿಯಲ್ಲಿದ್ದ ಎರಡು ಒಣ ಪ್ರಯೋಗಗಳು ಆಗ ಒಂದೇ ಕಥೆಯ ಎರಡು ಅಧ್ಯಾಯಗಳಾಗುತ್ತವೆ. ಈ ಜೋಡಣೆಗೆ ಹೊಸ ಯಂತ್ರ ಬೇಡ. ತಪ್ಪಲು ಅನುಮತಿ ಬೇಕು, ಅಷ್ಟೆ.

ಇಲ್ಮ್ ಒಂದು ಕಡೆ, ಹುನರ್ ಇನ್ನೊಂದು ಕಡೆ

ಉರ್ದುವಿನಲ್ಲಿ ಎರಡು ಪದಗಳಿವೆ. ಓದಿನಿಂದ ಬರುವುದು ಇಲ್ಮ್, ಕೈಗೆ ಹತ್ತುವ ಕಸುಬು ಹುನರ್. ಎರಡೂ ಒಬ್ಬನಲ್ಲೇ ಸೇರಿದರೆ ಅವನಿಗೆ ಉಸ್ತಾದನೆಂಬ ಮರ್ಯಾದೆ. ನಮ್ಮ ಊರುಗಳಲ್ಲಿ ಇವೆರಡೂ ಹತ್ತು ಕಿಲೋಮೀಟರಿನ ಅಂತರದಲ್ಲಿ ಬೇರೆ ಬೇರೆಯಾಗಿ ಬದುಕುತ್ತಿವೆ.

ಬಿ.ಸಿ.ರೋಡಿನಲ್ಲೋ ಬೆಳ್ತಂಗಡಿ ಪೇಟೆಯಲ್ಲೋ ಮೊಬೈಲು ರಿಪೇರಿ ಅಂಗಡಿಗೆ ಹೋಗಿ ನೋಡಿ. ಆರಡಿ ಅಗಲದ ಜಾಗದಲ್ಲಿ ಇಪ್ಪತ್ತರ ಹುಡುಗನೊಬ್ಬ ಭೂತಗನ್ನಡಿಯ ಕೆಳಗೆ ಫೋನಿನ ಬೋರ್ಡು ಇಟ್ಟುಕೊಂಡು, ಬಿಸಿಗಾಳಿಯ ಗನ್ನಿನಿಂದ ಸಾಸಿವೆ ಕಾಳಿನಷ್ಟು ಸಣ್ಣ ಬಿಡಿಭಾಗ ಎತ್ತಿ, ಕೂದಲೆಳೆಯಂಥ ತಂತಿಯ ಜಂಪರ್ ಹಾಕುತ್ತಾನೆ. ನೆಟ್‌ವರ್ಕ್ ಬಾರದ ಫೋನಿಗೆ ನೆಟ್‌ವರ್ಕ್ ಬರಿಸುತ್ತಾನೆ. ಅಲ್ಲೇ ಇನ್ನೊಂದು ಬಗೆಯಲ್ಲಿ ತಂತಿ ಹಾಕಿದರೆ ಆಗುವುದಿಲ್ಲವೇ ಎಂದು ನಾವು ಒಮ್ಮೆ ಕೇಳಿದಾಗ ಬಂದ ಉತ್ತರ ಇದು: "ಆಗುದಿಲ್ಲ ಸಾರ್. ಯಾಕೆ ಅಂತ ನನಗೆ ಗೊತ್ತಿಲ್ಲ. ಗಿಡ್ಡ ಹಾಕಿದ್ರೆ ಮಾತ್ರ ಸಿಗ್ನಲ್ ಬರ್ತದೆ, ಉದ್ದ ಆದ್ರೆ ಹೋಗ್ತದೆ." ಒಂದು ಸೆಂಟಿಮೀಟರು ತಂತಿಯ ಕಥೆಯನ್ನು ಆತ ತನ್ನ ಬೆರಳಿನಿಂದ ಕಲಿತಿದ್ದಾನೆ. ಹತ್ತು ಕಿಲೋಮೀಟರು ಆಚೆಯ ಕಾಲೇಜಿನ ಹುಡುಗನಿಗೆ ಆ 'ಯಾಕೆ' ಗೊತ್ತು, ಸೂತ್ರ ಸಮೇತ ಬರೆಯಬಲ್ಲ. ಆದರೆ ಕಾಯ್ದ ಸೋಲ್ಡರಿಂಗ್ ಐರನ್ ಅವನ ಕೈಗೆ ಕೊಟ್ಟರೆ ಹಿಂದೆ ಸರಿಯುತ್ತಾನೆ.

ಇವರಿಬ್ಬರೂ ಎಂದಾದರೂ ಒಂದೇ ಮೇಜಿನ ಎದುರು ಕೂತಿದ್ದಾರೆಯೇ? ಕೂರಿಸಿದವರು ಯಾರು? ಕೈಯಿಂದ ಮಾಡುವವನು ಕೆಳಗೆ, ನೋಡಿ ಬರೆಯುವವನು ಮೇಲೆ ಎಂಬ ಹಳೆಯ ವಿಂಗಡಣೆ ನಮ್ಮ ದೇಶದಲ್ಲಿ ಯಾವುದರಿಂದ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಮ್ಮಾರ, ಬಡಗಿ, ನೇಕಾರ, ಚಮ್ಮಾರರ ಅರಿವನ್ನು ಅರಿವೆಂದು ಒಪ್ಪದ ಸಮಾಜ ಇಂಜಿನಿಯರಿಂಗ್ ಕಾಲೇಜು ಕಟ್ಟಿದಾಗ ಅಲ್ಲಿಯೂ ಅದೇ ಗೆರೆ ಎಳೆದಿದೆ. ಪ್ರಯೋಗಾಲಯದ ಸಹಾಯಕನಿಗೆ ಯಂತ್ರದ ಒಳಗು ಗೊತ್ತು. ಅಂಕ ಕೊಡುವ ಅಧಿಕಾರ ಅವನಿಗಿಲ್ಲ. ನಾವು ಮುಸ್ಲಿಮರು ಈ ರೋಗದಿಂದ ಹೊರತೆಂದು ಬೀಗುವುದೂ ಬೇಡ. ರಿಪೇರಿ ಅಂಗಡಿಯ ಹುಡುಗನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವ, ಇಂಜಿನಿಯರ್ ಎಂಬ ಹೆಸರು ಕೇಳಿದೊಡನೆ ಕುರ್ಚಿ ಎಳೆದು ಕೊಡುವ ಮನೆಗಳು ನಮ್ಮಲ್ಲೂ ಬೇಕಾದಷ್ಟಿವೆ.

ರೈಲ್ವೆ ಪುಸ್ತಕ, ನಲ್ಲಿಯ ವಾಷರು, ಕಾಫಿ ಡಬ್ಬಿ

ಹಣವಿಲ್ಲ, ಉಪಕರಣ ದುಬಾರಿ ಎಂಬ ಮಾತು ಈ ಚರ್ಚೆಯಲ್ಲಿ ಬಂದೇ ಬರುತ್ತದೆ. ದೊಡ್ಡ ಕಂಪೆನಿಗಳ ನೆಟ್‌ವರ್ಕ್ ಅನಲೈಸರಿಗೆ ಹಲವು ಲಕ್ಷ ಬೇಕೆಂಬುದು ನಿಜ. ಆದರೆ ಈ ವಿದ್ಯೆಯ ಚರಿತ್ರೆ ಬೇರೆಯೇ ಹೇಳುತ್ತದೆ.

1895ರ ಸುಮಾರಿಗೆ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರು ಸಣ್ಣ ಕೋಣೆಯೊಂದರಲ್ಲಿ, ತಗಡಿನ ಕೆಲಸದವನೊಬ್ಬನನ್ನು ಜೊತೆಗಿಟ್ಟುಕೊಂಡು, ಐದು ಮಿಲಿಮೀಟರಿನಷ್ಟು ಗಿಡ್ಡ ತರಂಗಗಳನ್ನು ಸೃಷ್ಟಿಸಿ ಅಳೆದರು. ಇಂದಿನ ಲೆಕ್ಕದಲ್ಲಿ ಅದು 60 ಗಿಗಾಹರ್ಟ್ಸ್. ತರಂಗದ ಕಂಪನದ ದಿಕ್ಕನ್ನು ಪರೀಕ್ಷಿಸಲು ಅವರು ಬಳಸಿದ ಒಂದು ಸಾಧನ ಬ್ರಾಡ್‌ಶಾ ರೈಲ್ವೆ ವೇಳಾಪಟ್ಟಿಯ ಪುಸ್ತಕ! ಹಾಳೆಗಳ ನಡುವೆ ತವರದ ತೆಳು ತಗಡು ಇಟ್ಟರು, ಸಾಧನ ಸಿದ್ಧ. ತಿರುಚಿದ ಸೆಣಬಿನ ಕಂತೆಗಳನ್ನೂ ತರಂಗದ ದಾರಿಯಲ್ಲಿಟ್ಟು ನೋಡಿದರು. 1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ತಮ್ಮ ಉಪಕರಣ ತೋರಿಸಿ ಉಪನ್ಯಾಸ ಕೊಟ್ಟವರು ಇದೇ ಬೋಸರು. ತಗಡಿನ ಕೆಲಸದವನ ಹುನರ್ ಇಲ್ಲದಿದ್ದರೆ ಅವರ ಇಲ್ಮ್ ಕಾಗದದಲ್ಲೇ ಉಳಿಯುತ್ತಿತ್ತು.

ಹತ್ತಿರದ ಉದಾಹರಣೆ ಹೈದರಾಬಾದಿನದು. ಅಲ್ಲಿನ ಅಶ್‌ಹರ್ ಫರ್ಹಾನ್ ಹವ್ಯಾಸಿ ರೇಡಿಯೋದವರು. ನಗರದ ಲಾಮಕಾನ್ ಎಂಬ ಸಾಂಸ್ಕೃತಿಕ ತಾಣದ ಸ್ಥಾಪಕರೂ ಹೌದು. ಭಾರತದಲ್ಲಿ ಸುಲಭವಾಗಿ ಸಿಗುವ ಅಗ್ಗದ ಬಿಡಿಭಾಗಗಳಿಂದಲೇ ಕಟ್ಟಬಹುದಾದ ಬಿಟ್‌ಎಕ್ಸ್ ಎಂಬ ರೇಡಿಯೋವನ್ನು ಅವರು ವಿನ್ಯಾಸ ಮಾಡಿ, ಅದರ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಸುರುಳಿ ಸುತ್ತಲು ಬೇಕಾದ ವಿಶೇಷ ಉಂಗುರ ಸಿಗದಿದ್ದರೆ ನಲ್ಲಿಯ ವಾಷರನ್ನೇ ಬಳಸುವ ದಾರಿ ಅದರಲ್ಲಿತ್ತು. ಆ ನಕ್ಷೆ ಹಿಡಿದು ಜಗತ್ತಿನ ಎಷ್ಟೋ ದೇಶಗಳ ಹವ್ಯಾಸಿಗಳು ರೇಡಿಯೋ ಕಟ್ಟಿದರು. ಮುಂದೆ ಸಿದ್ಧ ಬೋರ್ಡುಗಳಾಗಿ ಅದು ಮಾರಾಟಕ್ಕೆ ಬಂದಾಗ ಸುರುಳಿಗಳನ್ನು ಕೈಯಿಂದ ಸುತ್ತಿಕೊಟ್ಟದ್ದು ಮಹಿಳೆಯರ ಗುಂಪು. ಬೀಡಿ ಸುತ್ತುವ ನಮ್ಮ ತಾಯಂದಿರ ಬೆರಳುಗಳ ಚುರುಕು ಕಂಡವರಿಗೆ ಇದರ ಅರ್ಥ ತಟ್ಟನೆ ಹೊಳೆಯಬೇಕು. ಸಾವಿರ ಬೀಡಿಯನ್ನು ಒಂದೇ ಹದದಲ್ಲಿ ಸುತ್ತಬಲ್ಲ ಕೈಗೆ ಮೂವತ್ತು ಸುತ್ತಿನ ತಾಮ್ರದ ಸುರುಳಿ ಯಾವ ಲೆಕ್ಕ? ಆ ಕೈಯ ಮಗಳು ಕಾಲೇಜಿನಲ್ಲಿ ಸುರುಳಿಯನ್ನು ಸುತ್ತುವುದೇ ಇಲ್ಲ. ಡಿಕೇಡ್ ಬಾಕ್ಸಿನ ಗುಬ್ಬಿ ತಿರುಗಿಸಿ ಅಂಕಿ ಓದುತ್ತಾಳೆ.

ಶ್ರೀಮಂತ ವಿಶ್ವವಿದ್ಯಾಲಯಗಳೂ ಈಗ ಇದೇ ದಾರಿಗೆ ಬಂದಿವೆ. 2011ರಲ್ಲಿ ಅಮೆರಿಕದ ಎಂಐಟಿಯಲ್ಲಿ ನಡೆದ ಒಂದು ಕಿರು ಕೋರ್ಸಿನಲ್ಲಿ ವಿದ್ಯಾರ್ಥಿಗಳು ಕಾಫಿ ಡಬ್ಬಿಗಳನ್ನು ಆಂಟೆನಾ ಮಾಡಿಕೊಂಡು ಮರದ ಹಲಗೆಯ ಮೇಲೆ ರೇಡಾರ್ ಕಟ್ಟಿದರು. ಅದರ ಪಾಠಗಳನ್ನು ಯಾರು ಬೇಕಾದರೂ ಓದುವಂತೆ ಹೊರಗಿಟ್ಟರು. 2012ರ ಹೊತ್ತಿಗೆ ಟಿವಿ ನೋಡುವ ಸಣ್ಣ ಯುಎಸ್‌ಬಿ ಡಾಂಗಲನ್ನು ರೇಡಿಯೋ ಗ್ರಾಹಕವಾಗಿ ಬಳಸುವ ಉಪಾಯ ಸಿಕ್ಕಿತು. ನ್ಯಾನೋವಿಎನ್‌ಎ ಎಂಬ ಅಂಗೈ ಅಗಲದ ಅಳತೆ ಯಂತ್ರ 2019ರಿಂದ ಕೆಲವೇ ಸಾವಿರ ರೂಪಾಯಿಗೆ ಪೇಟೆಯಲ್ಲಿದೆ. ಲಕ್ಷದ ಯಂತ್ರದ ನಿಖರತೆ ಇದಕ್ಕಿಲ್ಲ. ಆದರೆ ತಾನು ಕತ್ತರಿಸಿದ ತಾಮ್ರದ ಪಟ್ಟಿ ಎಲ್ಲಿ ಅನುರಣಿಸುತ್ತಿದೆ ಎಂದು ಹುಡುಗಿಗೆ ತೋರಿಸಲು ಧಾರಾಳ ಸಾಕು. ಒಂದೇ ಬೆಂಚಿನ ಸುತ್ತ ಇಣುಕುವ ಗುಂಪಿನ ಬದಲು ಇಬ್ಬಿಬ್ಬರಿಗೆ ಒಂದರಂತೆ ಕೊಡಬಹುದಾದ ಯಂತ್ರ ಇದು.

ಕಾನೂನಿನ ಮಾತೂ ಇದೆ. ತರಂಗವನ್ನು ಗಾಳಿಗೆ ಬಿಡಲು ಪರವಾನಗಿ ಬೇಕು, ಅದು ಸರಿಯೇ. ರೇಡಿಯೋ ಪ್ರಸಾರ ಕೇಳುವ ಗ್ರಾಹಕ ಕಟ್ಟಿ ಕಲಿಯುವುದಕ್ಕೆ ಆ ತೊಡಕಿಲ್ಲ. ಕಳಿಸುವ ಸರ್ಕೀಟು ಬೇಕೆಂದರೆ ಹ್ಯಾಮ್ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆಯಬಹುದು. 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಸರಕಾರ 2005ರಲ್ಲೇ ಶಕ್ತಿಯ ಮಿತಿಯೊಳಗೆ ಪರವಾನಗಿ ಇಲ್ಲದೆ ಬಳಸಲು ಬಿಟ್ಟಿದೆ. ದಾರಿಗಳಿವೆ. ನಡೆಯುವವರು ಬೇಕು.

ಗುಡ್ಡವೇ ಪ್ರಯೋಗಾಲಯ

ನಮ್ಮ ತಕರಾರಿನ ಕೊನೆಯ ಭಾಗ ಊರಿಗೆ ಸಂಬಂಧಿಸಿದ್ದು. ಬೆಳಗಾವಿಯ ಪಟ್ಟಿಯಲ್ಲಿ ಊರು ಇಲ್ಲ. ಇರಲೂ ಸಾಧ್ಯವಿಲ್ಲ. ಆದರೆ ನಿಸ್ತಂತು ವಿದ್ಯೆ ಊರನ್ನು ಬಿಟ್ಟು ಇಲ್ಲ. ತರಂಗ ಸಾಗುವುದು ಯಾವುದೋ ಗುಡ್ಡದ ಮೇಲೆ, ಯಾವುದೋ ತೋಟದ ನಡುವೆ.

2021ರ ಮಳೆಗಾಲದಲ್ಲಿ ನಮ್ಮ ನೆರೆಯ ಸುಳ್ಯ ತಾಲೂಕಿನ ಒಂದು ಫೋಟೋ ದೇಶವೆಲ್ಲ ಓಡಾಡಿತು. ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆ ರಸ್ತೆಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುವ ಬಾಲಕಿ, ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತ ತಂದೆ. ಎಲ್ಲರೂ ಕಣ್ಣೀರು ಹಾಕಿದರು, ಎಲ್ಲರೂ ಟವರ್ ಬೇಕೆಂದರು. ಬೆಳ್ತಂಗಡಿಯ ಘಟ್ಟದ ತಪ್ಪಲಿನಲ್ಲಿಯೂ ಮಕ್ಕಳು ಹೀಗೆಯೇ ಗುಡ್ಡ ಹತ್ತಿದ್ದಾರೆ. ರಸ್ತೆಬದಿಯಲ್ಲಿ ಬರುವ ಸಿಗ್ನಲ್ ಮನೆಯಲ್ಲಿ ಏಕೆ ಬರುವುದಿಲ್ಲ? ಎಷ್ಟು ಕಡಿಮೆ? ನಡುವೆ ತಡೆಯುವುದು ಗುಡ್ಡವೋ, ಒದ್ದೆ ಎಲೆಗಳ ಅಡಿಕೆ ತೋಟವೋ, ಹೆಂಚಿನ ಮಾಡೋ? ಇದು ನಿಸ್ತಂತು ಪ್ರಯೋಗಾಲಯದ ಪ್ರಶ್ನೆಯಲ್ಲದೆ ಇನ್ನೇನು? ಆ ಮಗುವಿಗೆ ಬೇಕಿದ್ದ ಉತ್ತರದ ಮೊದಲ ಅರ್ಧವನ್ನು ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ವಾರದಲ್ಲಿ ಅಳೆದು ಕೊಡಬಹುದು. ಅಳೆಯಲು ಬೇಕಾದ ಯಂತ್ರ ಪ್ರತಿ ವಿದ್ಯಾರ್ಥಿಯ ಕಿಸೆಯಲ್ಲೇ ಇದೆ. ಫೋನು ತನಗೆ ಬಂದ ಸಿಗ್ನಲ್ ಎಷ್ಟೆಂದು ಡೆಸಿಬೆಲ್ ಲೆಕ್ಕದಲ್ಲಿ ತೋರಿಸುತ್ತದೆ. ರಸ್ತೆಯಲ್ಲಿ ಮೈನಸ್ 75, ಮನೆಯ ಅಂಗಳದಲ್ಲಿ ಮೈನಸ್ 115 ಇದ್ದರೆ ನಡುವೆ ಕಳೆದುಹೋದದ್ದು ಹತ್ತು ಸಾವಿರ ಪಾಲಿನಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲ.

ಬೆಳ್ತಂಗಡಿಯಲ್ಲಿ ಗಡಾಯಿಕಲ್ಲು ಇದೆ. ಟಿಪ್ಪು ಸುಲ್ತಾನ್ 1794ರಲ್ಲಿ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ ಆ ಒಂಟಿ ಬಂಡೆ, ಬೆಳಕಿಗೆ ನೆರಳು ಕೊಡುವಂತೆಯೇ ತರಂಗಕ್ಕೂ ನೆರಳು ಕೊಡುತ್ತದೆ. ಆದರೆ ಆ ನೆರಳು ಬೆಳಕಿನ ನೆರಳಿನಷ್ಟು ಕಡುವಲ್ಲ. ತರಂಗ ಬಂಡೆಯ ಅಂಚಿನಲ್ಲಿ ಸ್ವಲ್ಪ ಬಾಗಿ ಹಿಂದಕ್ಕೂ ಇಳಿಯುತ್ತದೆ. 35 ಸೆಂಟಿಮೀಟರು ಉದ್ದದ 850 ಮೆಗಾಹರ್ಟ್ಸ್ ತರಂಗ ಹೆಚ್ಚು ಬಾಗುತ್ತದೆ, 13 ಸೆಂಟಿಮೀಟರಿನ 2300 ಮೆಗಾಹರ್ಟ್ಸ್ ತರಂಗ ಕಡಿಮೆ. ಹಳೆಯ 2ಜಿ ಫೋನಿಗೆ ಮಾತು ಸಿಕ್ಕ ಜಾಗದಲ್ಲಿ ಹೊಸ ಫೋನಿಗೆ ಇಂಟರ್‌ನೆಟ್ ಸಿಗದಿರುವುದಕ್ಕೆ ಇದೂ ಒಂದು ಕಾರಣ. ಇಷ್ಟು ದೊಡ್ಡ ಪಾಠದ ಸಾಮಗ್ರಿಯನ್ನು ಬಾಗಿಲಲ್ಲೇ ಇಟ್ಟುಕೊಂಡು, ಮುಚ್ಚಿದ ಕೋಣೆಯಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆದು ಕೂರುವುದು ಎಂಥ ವಿಪರ್ಯಾಸ!

ಮಾತಿನ ಭಾಷೆಯ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಪ್ರಯೋಗದ ಮೇಜಿನ ಬಳಿ ಮಕ್ಕಳು ಒಬ್ಬರಿಗೊಬ್ಬರು ತುಳುವಿನಲ್ಲಿ, ಬ್ಯಾರಿ ಭಾಷೆಯಲ್ಲಿ, ಕನ್ನಡದಲ್ಲಿ ವಿವರಿಸಿಕೊಳ್ಳುತ್ತಾರೆ. ರೆಕಾರ್ಡಿನಲ್ಲಿ ಮಾತ್ರ ಯಾರದೋ ಇಂಗ್ಲಿಷಿನ ನಕಲು. ಇದೇ ಜಿಲ್ಲೆಯ ಶಿವರಾಮ ಕಾರಂತರು ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಕನ್ನಡದಲ್ಲಿ ಬರೆದು ಅರ್ಧ ಶತಮಾನಕ್ಕೂ ಹೆಚ್ಚಾಯಿತು. "ನನಗೆ ಏನು ಕಂಡಿತು, ಏಕೆ ಹೀಗಾಯಿತೆಂದು ನಾನು ಭಾವಿಸುತ್ತೇನೆ" ಎಂಬ ಒಂದೇ ಒಂದು ಪುಟವನ್ನು ತನ್ನ ಭಾಷೆಯಲ್ಲಿ ಬರೆಯಲು ವಿದ್ಯಾರ್ಥಿಗೆ ಬಿಟ್ಟರೆ, ಆ ಪುಟವನ್ನು ನಕಲು ಮಾಡುವುದು ಕಷ್ಟ.

ಅಧ್ಯಾಪಕರ ಕಷ್ಟ ನಮಗೆ ತಿಳಿಯದ್ದಲ್ಲ. ಪಾಠ, ಮೌಲ್ಯಮಾಪನ, ನ್ಯಾಕ್ ಮತ್ತು ಎನ್‌ಬಿಎ ಕಡತಗಳ ರಾಶಿಯ ನಡುವೆ ಪ್ರಯೋಗಕ್ಕೆ ಅವರಲ್ಲಿ ಉಳಿಯುವ ಉಸಿರು ಅಷ್ಟಕ್ಕಷ್ಟೆ. ಹಾಗಾಗಿ ಎಲ್ಲವನ್ನೂ ಬದಲಿಸಿ ಎಂದು ನಾವು ಹೇಳುವುದಿಲ್ಲ. ವರ್ಷಕ್ಕೆ ಒಂದು ಸರ್ಕೀಟು, ಕೊನೆ ಗೊತ್ತಿಲ್ಲದ್ದು. ಅದನ್ನು ಮಕ್ಕಳೇ ಕತ್ತರಿಸಲಿ, ಸುತ್ತಲಿ, ಬೆಸುಗೆ ಹಾಕಲಿ. ಆ ವಾರ ಪೇಟೆಯ ರಿಪೇರಿ ಅಂಗಡಿಯ ಹುಡುಗನನ್ನು ಗೌರವಧನ ಕೊಟ್ಟು ಕರೆಯಲಿ. ಬೆಸುಗೆಯನ್ನು ಅವನು ಕಲಿಸಲಿ, 'ಯಾಕೆ' ಎಂಬುದನ್ನು ಇವರು ಅವನಿಗೆ ಹೇಳಲಿ. ಬಂದ ಅಂಕಿ ಪುಸ್ತಕದ ಅಂಕಿಗಿಂತ ಬೇರೆಯಾಗಿದ್ದರೆ ಅದನ್ನು ಹಾಗೆಯೇ ಬರೆದು, ಕಾರಣ ಹುಡುಕಿದವರಿಗೆ ಹೆಚ್ಚು ಅಂಕ ಸಿಗಲಿ.

ತಾನು ಕಂಡದ್ದನ್ನು ಕಂಡಂತೆ ಬರೆಯುವ ಧೈರ್ಯ ಇಂಜಿನಿಯರನಿಗೆ ಮಾತ್ರ ಬೇಕಾದದ್ದಲ್ಲ. ಬರಬೇಕಾದ ಉತ್ತರಕ್ಕೆ ತಕ್ಕಂತೆ ಅಂಕಿ ತಿದ್ದಲು ನಾಲ್ಕು ವರ್ಷ ಕಲಿತು ಬಂದವನು ಮುಂದೆ ಸೇತುವೆಯ ವರದಿಯನ್ನೂ ಹಾಗೆಯೇ ಬರೆಯುತ್ತಾನೆ, ಗಲಭೆಯ ವರದಿಯನ್ನೂ ಹಾಗೆಯೇ ಓದುತ್ತಾನೆ. ಪ್ರಯೋಗಾಲಯದಲ್ಲಿ ತಪ್ಪಿಗೆ ಸ್ವಲ್ಪ ಜಾಗ ಕೊಡಿ ಎಂದು ನಾವು ಕೇಳುವುದು ಈ ಕಾರಣಕ್ಕಾಗಿ.